ಕೈ ಕಾಣದ ಹೂಗುಚ್ಛ

ಹೂಗುಚ್ಛಕ್ಕೆ ಈಗ ಗ್ರಹಚಾರ ಕೆಟ್ಟಿದೆ. 2021ರ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ತನ್ನ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿಗಳನ್ನು ಕೊಡಕೂಡದು, ಕೊಡಲೇಬೇಕೆಂದಿದ್ದರೆ ಕನ್ನಡ ಪುಸ್ತಕ ಕೊಡಬಹುದು ಎಂದು ಸುತ್ತೋಲೆ ಹೊರಡಿಸಿತು. 2023ರ ಮೇ ತಿಂಗಳಲ್ಲಿ ಹೊಸ ಮುಖ್ಯಮಂತ್ರಿಗಳು ತಮಗೆ ಹೂವು, ಶಾಲು ಬೇಡ, ಪುಸ್ತಕ ತನ್ನಿ ಎಂದರು. ಅದಕ್ಕೂ ಮೊದಲೇ, 2017ರಲ್ಲಿ, ದೇಶದ ಪ್ರಧಾನಿಗಳು ಇದೇ ಮಾತನ್ನು ಆಡಿದ್ದರು. ಮೂವರು ಬೇರೆ ಬೇರೆ ನಾಯಕರು, ಎರಡು ಎದುರಾಳಿ ಪಕ್ಷಗಳು ಒಂದೇ ವಿಷಯದಲ್ಲಿ ಒಮ್ಮತಕ್ಕೆ ಬರುವುದು ನಮ್ಮ ದೇಶದಲ್ಲಿ ಅಪರೂಪ. ಆ ಒಮ್ಮತಕ್ಕೆ ಬಲಿಯಾದದ್ದು ಗುಲಾಬಿ. ಈಗ ನಮ್ಮ ಹೊರನಾಡ ಸಂಘಗಳೂ ಅದೇ ದಾರಿ ಹಿಡಿಯಲು ಹೊರಟಿವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹೂಗುಚ್ಛ ನಿಲ್ಲಿಸಿ ಪುಸ್ತಕ ಕೊಟ್ಟರೆ ಕನ್ನಡ ಉಳಿಯುತ್ತದೆ ಎಂಬ ವಾದ ಒಂದಲ್ಲ ಎರಡು ಕಡೆ ನನ್ನ ಕಿವಿಗೆ ಬಿದ್ದಿದೆ.

ಪುಸ್ತಕದ ಮೇಲೆ ನನಗೆ ಮುನಿಸಿಲ್ಲ. ಆದರೆ ಹೂಗುಚ್ಛದ ಬದಲಿಗೆ ಕೊಟ್ಟ ಪುಸ್ತಕವು ಹೂಗುಚ್ಛವೇ ಆಗಿಬಿಡುತ್ತದೆ ಎಂಬುದನ್ನು ವೇದಿಕೆಗಳ ಹಿಂದೆ ಓಡಾಡಿದವರೆಲ್ಲ ಬಲ್ಲರು. ಅತಿಥಿಯು ಅದನ್ನು ಎದೆಗೊತ್ತಿಕೊಂಡು ಛಾಯಾಚಿತ್ರಕ್ಕೆ ನಿಲ್ಲುತ್ತಾನೆ. ಕಾರಿನ ಹಿಂದಿನ ಸೀಟಿನಲ್ಲಿ ಅದು ಉಳಿಯುತ್ತದೆ. ಒಂದೇ ವ್ಯತ್ಯಾಸವೆಂದರೆ ಹೂವು ಎರಡು ದಿನದಲ್ಲಿ ಬಾಡಿ ತನ್ನ ವಿಷಾದವನ್ನು ಪ್ರಕಟಿಸುತ್ತದೆ, ಪುಸ್ತಕಕ್ಕೆ ಆ ಸೌಲಭ್ಯವಿಲ್ಲ. ಸುತ್ತೋಲೆ ಬರೆದವರಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಹಸಿರುಮನೆಗಳು ಕಾಣಿಸಲಿಲ್ಲವೆಂದು ಬೆಳೆಗಾರರು ಅಂದೇ ಪ್ರತಿಭಟಿಸಿದರು. ಕೊರೋನಾ ಕಾಲದಲ್ಲಿ ಮದುವೆ, ಜಾತ್ರೆಗಳೆಲ್ಲ ನಿಂತು ಹೂವನ್ನು ತಿಪ್ಪೆಗೆ ಸುರಿದು ಕುಳಿತವರ ಮೇಲೆ ಬಿದ್ದ ಎರಡನೆಯ ಪೆಟ್ಟು ಅದು. ಅವರ ಅಳಲು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಬಗೆಯ ವಿರೋಧವಿದೆ: ಹೂಗುಚ್ಛವು ಪಾಶ್ಚಾತ್ಯ, ನಮ್ಮದು ಹಾರ, ದಂಡೆ, ಮೊಳ ಎಂಬುದು. ಈ ಶುದ್ಧಿವಾದಿಗಳು ತಮ್ಮ ದೇವರ ಮನೆಯ ಹೂವಿನ ಬುಟ್ಟಿಯನ್ನು ಒಮ್ಮೆ ಶೋಧಿಸಲಿ. ಚೆಂಡುಹೂವು ಮೆಕ್ಸಿಕೋ ದೇಶದಿಂದ ಬಂದದ್ದು. ಹೆಸರಿನಲ್ಲೇ ರಾಜತ್ವವನ್ನು ಹೊತ್ತ ಸುಗಂಧರಾಜವೂ ಅಲ್ಲಿಯದೇ. ಸೇವಂತಿಗೆಯ ಮೂಲ ಚೀನಾ. ಇವನ್ನೆಲ್ಲ ಹೊರಹಾಕಿದರೆ ಆಯುಧಪೂಜೆಯ ದಿನ ನಮ್ಮ ವಾಹನಗಳಿಗೆ ಬೇವಿನ ಸೊಪ್ಪೇ ಗತಿ. ಹೂವುಗಳಿಗೆ ಎಂದೂ ಗಡಿ ತಕರಾರು ಇರಲಿಲ್ಲ, ಮನುಷ್ಯರಿಗಿದೆ. (ಶಬ್ದಗಳೂ ಹಾಗೆಯೇ. ಮದ್ರಾಸಿನ ಬೀದಿಯಲ್ಲಿ ನಾವು ‘ಪೂ’ ಎಂದು ಕೇಳಿದಾಗ ತಮಿಳು ಮಾತಾಡಿದೆವೆಂದು ಸಂಕೋಚಪಡಬೇಕಾಗಿಲ್ಲ. ಅದು ಅಪ್ಪಟ ಹಳಗನ್ನಡ. ಪಕಾರವನ್ನು ಹಕಾರ ಮಾಡಿಕೊಂಡವರು ನಾವು.)

ಹಾಗಾದರೆ ದೋಷವಿರುವುದೆಲ್ಲಿ? ಹೂವಿನಲ್ಲೂ ಅಲ್ಲ, ಗುಚ್ಛದಲ್ಲೂ ಅಲ್ಲ. ಕಳಿಸುವವನಿಗೂ ಕಟ್ಟುವವನಿಗೂ ನಡುವೆ ಬಂದು ಕುಳಿತ ಮೂರನೆಯವನಲ್ಲಿದೆ. ನನ್ನ ಜಗಳ ಅವನೊಂದಿಗೆ. ಅದಕ್ಕಿಂತಲೂ ಹೆಚ್ಚಾಗಿ, ಅವನನ್ನು ಕರೆದು ಕೂರಿಸಿದ ನಮ್ಮೊಂದಿಗೆ.

ದೂರದೂರಿಗೆ ಹೂವು ಕಳಿಸುವ ವ್ಯವಸ್ಥೆ ಹೊಸದೇನಲ್ಲ. 1908ರಲ್ಲಿ ಬರ್ಲಿನ್ನಿನ ಹೂವಾಡಿಗನೊಬ್ಬನ ಪ್ರಯತ್ನದಿಂದ ಜರ್ಮನಿಯಲ್ಲಿ ಇಂಥದೊಂದು ಒಕ್ಕೂಟ ಹುಟ್ಟಿತು. ಮುಂದೆ ಫ್ಲೂರಾಪ್ ಎಂದು ಹೆಸರಾಯಿತು. 1910ರಲ್ಲಿ ಅಮೆರಿಕದ ಕೆಲವು ಮಂದಿ ಹೂವಿನ ವ್ಯಾಪಾರಿಗಳು ಕೂಡಿ, ಒಬ್ಬರ ಊರಿನ ಗಿರಾಕಿಯ ಬೇಡಿಕೆಯನ್ನು ತಂತಿಯ ಮೂಲಕ ಇನ್ನೊಬ್ಬರ ಊರಿನ ಅಂಗಡಿಗೆ ತಲುಪಿಸುವ ಒಪ್ಪಂದ ಮಾಡಿಕೊಂಡರು. ಗಮನಿಸಬೇಕಾದದ್ದು ಇಷ್ಟೇ: ಅದು ಹೂವಾಡಿಗರು ತಮಗಾಗಿ ತಾವೇ ಕಟ್ಟಿಕೊಂಡ ಸಹಕಾರ. ಬೇಡಿಕೆ ಪಡೆದವನೂ ಹೂವಾಡಿಗ, ಪೂರೈಸಿದವನೂ ಹೂವಾಡಿಗ; ಇಂದು ಇವನು ಕೊಟ್ಟರೆ ನಾಳೆ ಅವನು ಕೊಡುತ್ತಾನೆ. 1994ರಲ್ಲಿ ಆ ಅಮೆರಿಕನ್ ಒಕ್ಕೂಟವನ್ನು ಒಂದು ಹೂಡಿಕೆ ಸಂಸ್ಥೆ ಕೊಂಡು ಲಾಭದ ಕಂಪನಿಯಾಗಿ ಪರಿವರ್ತಿಸಿತು. 2019ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಎಂಬತ್ತನಾಲ್ಕು ವರ್ಷ ಸಹಕಾರವಾಗಿ ಬಾಳಿದ್ದು ಇಪ್ಪತ್ತೈದು ವರ್ಷ ವ್ಯವಹಾರವಾಗಿ ಬಾಳಲಿಲ್ಲ. ಕಾಕತಾಳೀಯವೋ ಏನೋ, ಅದೇ 1994ರಲ್ಲಿ ದೆಹಲಿಯಲ್ಲಿ ಫರ್ನ್ಸ್ ಎನ್ ಪೆಟಲ್ಸ್ ಅಂಗಡಿ ತೆರೆಯಿತು. ನಮ್ಮ ದೇಶದಲ್ಲಿ ಹೂಗುಚ್ಛವು ಸಂಘಟಿತ ವ್ಯಾಪಾರವಾದದ್ದು ಅಲ್ಲಿಂದೀಚೆಗೆ. ಆಮೇಲೆ ಅಂತರ್ಜಾಲದ ಮೂಲಕ ಬೇಡಿಕೆ ಪಡೆಯುವವರು ಹತ್ತಾರು ಮಂದಿ ಬಂದರು. ಇವರಲ್ಲಿ ಸ್ವಂತ ಅಂಗಡಿ ಇಟ್ಟು ಹೂವು ಕಟ್ಟುವವರೂ ಉಂಟು. ಒಂದು ಎಸಳನ್ನೂ ಕೈಯಿಂದ ಮುಟ್ಟದೆ, ಚಿತ್ರ ತೋರಿಸಿ ಹಣ ಪಡೆದು, ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಯಾವುದೋ ಬಡಾವಣೆಯ ಅಂಗಡಿಗೆ ದಾಟಿಸುವವರೂ ಉಂಟು. ನಾನು ಹೇಳುತ್ತಿರುವುದು ಈ ಎರಡನೆಯವರ ಬಗ್ಗೆ.

ಗಿಂಡಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1958ರಲ್ಲಿ ಇಲ್ಲಿ ಕೈಗಾರಿಕಾ ವಸಾಹತು ಆರಂಭವಾಯಿತು. ಮರುವರ್ಷವೇ ಪಕ್ಕದ ಕಾಡಿನಂಚಿನಲ್ಲಿ ಐಐಟಿ ಬಂತು. ಇಂಜಿನಿಯರಿಂಗ್ ಕಾಲೇಜಂತೂ 1794ರ ಮೋಜಣಿ ಶಾಲೆಯಿಂದ ಬೆಳೆದದ್ದು. ಓದಲು, ದುಡಿಯಲು ಬಂದ ಕನ್ನಡಿಗರು ಗಿಂಡಿ, ಆಲಂದೂರು, ವೇಳಚ್ಚೇರಿಗಳಲ್ಲಿ ಮನೆ ಮಾಡಿ ನಿಂತರು. ಅವರ ಮಕ್ಕಳು ಈಗ ಬೆಂಗಳೂರಿನಲ್ಲೋ, ಅದಕ್ಕೂ ಆಚೆಯೋ ಇದ್ದಾರೆ. ವಿಚಿತ್ರ ನೋಡಿ: ತಂದೆ ತಾಯಿ ಹೊರನಾಡಿನಲ್ಲಿ, ಮಕ್ಕಳು ಒಳನಾಡಿನಲ್ಲಿ. ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವಗಳು ಬಂದಾಗ ಬೆಂಗಳೂರಿನ ಮಗಳು ಕೈಯಲ್ಲಿನ ಫೋನನ್ನು ಒತ್ತುತ್ತಾಳೆ. ಗಿಂಡಿಯ ಬಾಗಿಲಿಗೆ ಗುಲಾಬಿ ಗುಚ್ಛ ಬರುತ್ತದೆ.

ಆ ಗುಲಾಬಿ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗೋಣ. ಗಿಂಡಿಯ ಅಂಗಡಿಗೆ ಅದು ಬಂದದ್ದು ಕೋಯಂಬೇಡಿನಿಂದ. 1996ರಲ್ಲಿ ಪ್ಯಾರೀಸ್ ಮೂಲೆಯ ಇಕ್ಕಟ್ಟಿನಿಂದ ಅಲ್ಲಿಗೆ ಹೋದ ಸಗಟು ಮಾರುಕಟ್ಟೆ ಅದು. ನಡುರಾತ್ರಿ ಲಾರಿಗಳು ಬಂದು ನಿಂತು, ಬೆಳಕು ಹರಿಯುವ ಮೊದಲೇ ವ್ಯಾಪಾರ ಜೋರಾಗುತ್ತದೆ. ಕೋಯಂಬೇಡಿಗೆ ಆ ಗುಲಾಬಿ ಬಂದದ್ದು ಬಹುಮಟ್ಟಿಗೆ ಹೊಸೂರಿನ ಸುತ್ತಿನಿಂದ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು: ಈ ಹೆಸರುಗಳು ನಮಗೆ ಅಪರಿಚಿತವಲ್ಲ. 1956ರ ಗಡಿಗೆರೆಯ ಆ ಬದಿಗೆ ಉಳಿದ ಕನ್ನಡದ ಊರುಗಳು, ಕನ್ನಡ ತೆಲುಗು ತಮಿಳು ಮೂರೂ ಒಂದೇ ಅಂಗಳದಲ್ಲಿ ಆಡುವ ಊರುಗಳು. ಅಲ್ಲಿನ ತಂಪು ಹವೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಬೆಳೆದ ಗುಲಾಬಿಯನ್ನು ಮೊಗ್ಗು ಬಿಗಿಯಾಗಿರುವಾಗಲೇ ಉದ್ದ ದಂಟಿನೊಂದಿಗೆ ಕೊಯ್ದು, ನೀರಿನಲ್ಲಿ ನಿಲ್ಲಿಸಿ, ಶೀತಗೃಹದಲ್ಲಿಟ್ಟು, ರಟ್ಟು ಸುತ್ತಿ ಲಾರಿಗೇರಿಸುತ್ತಾರೆ. ಕೊಯ್ಯುವ ಹೆಂಗಸರಲ್ಲಿ, ತೋಟದ ಒಡೆಯರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಮಾತಾಡುವವರು. ಅಂದರೆ, ಬೆಂಗಳೂರಿನ ಮಗಳು ಕೂತ ಜಾಗದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಕನ್ನಡದ ಕೈಯೊಂದು ಕೊಯ್ದ ಹೂವು, 300 ಕಿಲೋಮೀಟರು ಪ್ರಯಾಣ ಮಾಡಿ, ತಮಿಳಿನ ಕೈಯೊಂದು ಕಟ್ಟಿ, ಕನ್ನಡದ ತಾಯಿಯ ಕೈ ಸೇರುತ್ತದೆ. ಎಂಥ ಸುಂದರವಾದ ಸರಪಳಿ! ಆದರೆ ಮಗಳಿಗೆ ಇದಾವುದೂ ತಿಳಿಯದು. ಅವಳು ಕಂಡದ್ದು ಒಂದು ಚಿತ್ರ, ಒಂದು ಬೆಲೆ, ಒಂದು ಗುಂಡಿ. ತಾಯಿಗೂ ತಿಳಿಯದು. ಗುಚ್ಛದ ಮೇಲಿನ ಚೀಟಿಯಲ್ಲಿ ಅಂಗಡಿಯ ಹೆಸರಿರುವುದಿಲ್ಲ. ಬೇಡಿಕೆ ಪಡೆದವನ ಮುದ್ರೆ ಮಾತ್ರ ಇರುತ್ತದೆ.

ಗಿಂಡಿ ರೈಲು ನಿಲ್ದಾಣದಿಂದ ಅನತಿದೂರದಲ್ಲಿ ಹೂಗುಚ್ಛ ಕಟ್ಟುವ ಒಬ್ಬರನ್ನು ನಾನು ಬಹುಕಾಲದಿಂದ ಬಲ್ಲೆ. ಇಂಥ ಬೇಡಿಕೆ ಬಂದಾಗ ಏನಾಗುತ್ತದೆಂದು ಅವರೇ ವಿವರಿಸಿದರು. ಚಿತ್ರ ಬರುತ್ತದೆ, ಚಿತ್ರದಲ್ಲಿರುವಷ್ಟು ಗುಲಾಬಿ ಕಟ್ಟಲು ಸಾಲದ ಹಣ ಬರುತ್ತದೆ. ಚಿತ್ರ ತೆಗೆದದ್ದು ಬೇರೆಲ್ಲೋ, ಬೇರೆ ಋತುವಿನಲ್ಲಿ. ಆ ದಿನ ಕೋಯಂಬೇಡಿನಲ್ಲಿ ಆ ಬಣ್ಣ ಬಂದಿರುವುದೇ ಇಲ್ಲ. ಆಗ ಎಲೆಯನ್ನು ಹೆಚ್ಚಿಸಬೇಕು, ಪ್ಲಾಸ್ಟಿಕ್ ಹಾಳೆಯನ್ನು ಅಗಲಿಸಬೇಕು, ನಿನ್ನೆಯ ಹೂವನ್ನು ಒಳಗೆ ಸೇರಿಸಬೇಕು. ಬಾಡಿದ ಹೂವಿನ ದೂರು ಬಂದರೆ ಅದರ ನಷ್ಟ ಅಂಗಡಿಯವರ ತಲೆಗೇ. ‘ಕಳಿಸಿದವರು ಯಾರೆಂದು ನನಗೆ ಗೊತ್ತಿಲ್ಲ ಸಾರ್, ಕಟ್ಟಿದವನು ನಾನೆಂದು ಅವರಿಗೆ ಗೊತ್ತಿಲ್ಲ, ಮತ್ತೆ ಯಾರಿಗೋಸ್ಕರ ಚೆನ್ನಾಗಿ ಕಟ್ಟಲಿ’ ಎಂದು ಅವರು ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ. ಈ ಕಸುಬಿನಲ್ಲಿ ಕೈಚಳಕವಿದೆ, ಗೌರವವಿದೆ. ದಂಟನ್ನು ಓರೆಯಾಗಿ ಕತ್ತರಿಸಿ ನೀರು ಹೀರಿಸುವುದು, ಕೆಳಗಿನ ಎಲೆ ತೆಗೆಯುವುದು, ಯಾವ ಹೂವಿನ ಪಕ್ಕ ಯಾವುದು ನಿಂತರೆ ಮುಖ ಕಾಣುತ್ತದೆಂದು ಅರಿಯುವುದು ಒಂದೆರಡು ದಿನದ ವಿದ್ಯೆಯಲ್ಲ. ಹೆಸರಿಲ್ಲದವನ ಕೈಯಲ್ಲಿ ಆ ವಿದ್ಯೆ ಬೇಗ ಸೊರಗುತ್ತದೆ.

ಇನ್ನು ಪಡೆಯುವವರ ಕಥೆ. ನನ್ನ ಹಿರಿಯ ಮಿತ್ರರೊಬ್ಬರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ವಿದೇಶದಲ್ಲಿರುವ ಮಗ ಒಂದು ದೊಡ್ಡ ಗುಚ್ಛ ಕಳಿಸಿದ್ದ. ಜೊತೆಗಿಡಲು ‘ಅಪ್ಪನಿಗೆ ನಮಸ್ಕಾರಗಳು’ ಎಂದು ಕನ್ನಡದಲ್ಲಿ ಎರಡು ಸಾಲು ಬರೆದಿದ್ದನಂತೆ. ಬೇಡಿಕೆ ಪಡೆದವರ ಯಂತ್ರಕ್ಕೆ ಕನ್ನಡ ಹಿಡಿಸಲಿಲ್ಲ. ಚೀಟಿಯಲ್ಲಿ ಬಂದದ್ದು ಒಂದು ಸಾಲು ಖಾಲಿ ಚೌಕಗಳು. ಮುದುಕರು ಆ ಚೀಟಿಯನ್ನು ಎಸೆಯಲಿಲ್ಲ, ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರೆ. ‘ಬರೆದದ್ದಂತೂ ನಿಜವಲ್ಲವೇ’ ಎಂದರು. ಊರು ಬಿಟ್ಟು ಬಂದು ಭಾಷೆಯನ್ನು ಕಷ್ಟಪಟ್ಟು ಮಕ್ಕಳಿಗೆ ದಾಟಿಸಿದ ತಲೆಮಾರು ಇದು. ಆ ಮಕ್ಕಳು ತಿರುಗಿ ಬರೆದ ಎರಡು ಸಾಲು ತಲುಪುವ ಹೊತ್ತಿಗೆ ಚೌಕಗಳಾಗುವುದನ್ನು ಸಣ್ಣ ತಾಂತ್ರಿಕ ದೋಷವೆಂದು ತಳ್ಳಿಹಾಕಲು ನನ್ನಿಂದಾಗದು. ಗಿಂಡಿಯ ಆ ಅಂಗಡಿಗೇ ನೇರವಾಗಿ ಹೇಳಿದ್ದರೆ, ಮಗನು ಕೈಯಲ್ಲಿ ಬರೆದ ಕಾಗದದ ಚಿತ್ರವನ್ನು ಫೋನಿನಲ್ಲಿ ತರಿಸಿಕೊಂಡು, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆದು ಗುಚ್ಛಕ್ಕೆ ಕಟ್ಟಿಕೊಡುತ್ತಿದ್ದರು. ಆತನಿಗೆ ಕನ್ನಡ ಓದಲು ಬಾರದಿದ್ದರೂ ಕಾಗದ ಕಾಗದವೇ.

‘ಅಪರಿಚಿತ ಅಂಗಡಿಯನ್ನು ನಂಬುವುದು ಹೇಗೆ, ಮಕ್ಕಳಿಗೆ ತಮಿಳು ಬರುವುದಿಲ್ಲ, ಸಮಯವೂ ಇಲ್ಲ’ ಎಂಬ ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಚಿತ್ರವನ್ನು ನಂಬಿದವರಿಗೆ ಮನುಷ್ಯನನ್ನು ನಂಬುವುದು ಕಷ್ಟವೇಕೆ? ಹಣವನ್ನು ಈಗ ಒಂದು ಕ್ಷಣದಲ್ಲಿ ಯಾವ ಊರಿನ ಯಾವ ಸಣ್ಣ ಅಂಗಡಿಗಾದರೂ ಕಳಿಸಬಹುದು. ಹೊರದೇಶದಲ್ಲಿದ್ದವರಿಗೆ ಅದೂ ತೊಡಕಾದರೆ ಬೆಂಗಳೂರಿನ ಅಣ್ಣನೋ ಅತ್ತಿಗೆಯೋ ಇದ್ದೇ ಇರುತ್ತಾರೆ. ಮಧ್ಯವರ್ತಿ ಮಾಡುತ್ತಿದ್ದ ಮುಖ್ಯ ಕೆಲಸವೇ ಹೀಗೆ ಇಲ್ಲವಾಗಿರುವಾಗ ಅವನಿಗೆ ಪಾಲು ಏತಕ್ಕೆ? ಸಮಯದ ಮಾತಂತೂ ಬೇಡ. ಹತ್ತಾರು ಚಿತ್ರಗಳನ್ನು ಮೇಲೆ ಕೆಳಗೆ ಉರುಳಿಸಿ ನೋಡುವ ವೇಳೆಯಲ್ಲಿ ಮೂರು ಬಾರಿ ಫೋನಿನಲ್ಲಿ ಮಾತಾಡಬಹುದು. ‘ಇವತ್ತು ಏನು ಬಂದಿದೆ’ ಎಂದು ಕೇಳಬಹುದು. ಆ ಪ್ರಶ್ನೆಯನ್ನು ಚಿತ್ರಕ್ಕೆ ಕೇಳಲಾಗದು.

ಹಾಗೆ ಕೇಳಿದಾಗ ಇನ್ನೊಂದು ಬಾಗಿಲೂ ತೆರೆಯುತ್ತದೆ. ಮಲ್ಲಿಗೆಗೆ ದಂಟಿಲ್ಲ, ಆದ್ದರಿಂದ ಗುಚ್ಛಕ್ಕೆ ಅದು ಸೇರದು. ನಸುಕಿನಲ್ಲಿ ಮೊಗ್ಗಾಗಿ ಕೊಯ್ದದ್ದು ಸಂಜೆಗೆ ಅರಳಿ ಮರುದಿನಕ್ಕೆ ಮುಗಿದುಹೋಗುತ್ತದೆ. ಗೋದಾಮಿನಲ್ಲಿಟ್ಟು ಮಾರಲು ಅನುಕೂಲವಿಲ್ಲವೆಂದು ದೊಡ್ಡ ವ್ಯಾಪಾರ ಅದನ್ನು ದೂರವಿಟ್ಟಿದೆ. ಆದರೆ ಗಿಂಡಿ ನಿಲ್ದಾಣದ ಮೆಟ್ಟಿಲ ಬಳಿ ಬಾಳೆನಾರಿನಲ್ಲಿ ಪೋಣಿಸುತ್ತ ಕೂತ ಪೂಕ್ಕಾರಮ್ಮನ ಬುಟ್ಟಿಯಲ್ಲಿ ಅದು ದಿನವೂ ಇದೆ. ಅವಳ ‘ಮುಳಂ’ ನಮ್ಮ ಮೊಳವೇ, ಅವಳ ಮೊಳಕೈ ಎಷ್ಟು ಗಿಡ್ಡವೆಂಬುದಷ್ಟೇ ತಕರಾರು. ಗುಲಾಬಿ ಗುಚ್ಛದ ಜೊತೆಗೆ ಎರಡು ಮೊಳ ಗುಂಡುಮಲ್ಲಿಗೆಯನ್ನೂ ಸೇರಿಸಿ ಕಳಿಸಿ ಎಂದು ಅಂಗಡಿಯವರಿಗೆ ಹೇಳಿದರೆ ಅವರು ಪಕ್ಕದ ಬುಟ್ಟಿಯಿಂದ ತಂದು ಸೇರಿಸುತ್ತಾರೆ. ಗುಲಾಬಿಯನ್ನು ಅಪ್ಪ ಮೇಜಿನ ಮೇಲಿಡುತ್ತಾರೆ, ಮಲ್ಲಿಗೆಯನ್ನು ಅಮ್ಮ ದೇವರಿಗಿಟ್ಟು ಮುಡಿಯುತ್ತಾರೆ. ಅಂತರ್ಜಾಲದ ಯಾವ ಪಟ್ಟಿಯಲ್ಲೂ ನಾನು ಈ ಜೋಡಿಯನ್ನು ಕಂಡಿಲ್ಲ.

ಸಂಘಗಳು ಮಾಡಬಹುದಾದ ಕೆಲಸ ಇಲ್ಲೇ ಇದೆ, ವೇದಿಕೆಯಿಂದ ಹೂವನ್ನು ಓಡಿಸುವುದರಲ್ಲಿಲ್ಲ. ನಮ್ಮ ಸದಸ್ಯರು ವಾಸವಾಗಿರುವ ಬಡಾವಣೆಗಳಲ್ಲಿ ಒಳ್ಳೆಯ ಕೈ ಇರುವ ಹೂವಾಡಿಗರು ಯಾರು, ಬೆಳಗ್ಗೆ ಎಷ್ಟು ಹೊತ್ತಿಗೆ ಅಂಗಡಿ ತೆರೆಯುತ್ತಾರೆ, ಮನೆಗೆ ತಲುಪಿಸುತ್ತಾರೆಯೇ, ಯಾವ ಭಾಷೆಗಳಲ್ಲಿ ವ್ಯವಹರಿಸುತ್ತಾರೆ ಎಂಬ ವಿವರವನ್ನು, ಅವರ ಒಪ್ಪಿಗೆ ಪಡೆದು, ಈ ಪತ್ರಿಕೆಯಲ್ಲೇ ಪ್ರಕಟಿಸಲು ಸಂಪಾದಕರು ಪ್ರತಿ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟುಕೊಡಲು ಒಪ್ಪಿದ್ದಾರೆ. ಗಿಂಡಿ, ಆಲಂದೂರು, ಸೈದಾಪೇಟೆಗಳ ಪಟ್ಟಿಯನ್ನು ನಾನು ಆರಂಭಿಸಿದ್ದೇನೆ. ಮುಂಬಯಿಯ ದಾದರ್, ಹೈದರಾಬಾದಿನ ಗುಡಿಮಲ್ಕಾಪುರ, ದೆಹಲಿಯ ಗಾಜಿಪುರದ ಹೂವಿನ ಮಾರುಕಟ್ಟೆಗಳಿಗೆ ಹೋಗಿಬರುವ ಬಂಧುಗಳು ತಮ್ಮ ತಮ್ಮ ಊರಿನ ವಿವರಗಳನ್ನು ಮುಂದಿನ ಸಂಚಿಕೆಯೊಳಗೆ ಬರೆದು ಕಳಿಸಲಿ. ಅಂಗಡಿಯ ಹೆಸರನ್ನಷ್ಟೇ ಅಲ್ಲ, ಕಟ್ಟುವವರ ಹೆಸರನ್ನೂ ಕೇಳಿ ಬರೆಯಲಿ.