ಮಧುಮೇಹಿಗಳ ಹೃದಯಶೋಧನೆ

2025ನೆಯ ಇಸವಿಯ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಮರಣವಾರ್ತೆಗಳು ಒಂದರ ಹಿಂದೊಂದು ಬರತೊಡಗಿದಾಗ, ಬೆಂಗಳೂರು ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿ ನಿಂತುದನ್ನು ವಾಚಕರು ಮರೆತಿರಲಾರರು. ಅಂಥ ಭೀತಿಯ ದಿನಗಳಲ್ಲಿ, ಸಕ್ಕರೆ ರೋಗವುಳ್ಳವರೆಲ್ಲರ ಹೃದಯವನ್ನೂ ಯಂತ್ರಗಳಿಂದ ಶೋಧಿಸಿಬಿಡಬೇಕೆಂಬ ಬೇಡಿಕೆಯು ಏಳುವುದು ಸಹಜ. ಸಹಜವಾದುದೆಲ್ಲವೂ ಯುಕ್ತವೆಂದು ಹೇಳಲಾಗದು. ಆದುದರಿಂದ ಈ ವಿಷಯವನ್ನು ಸಾವಧಾನವಾಗಿ ವಿಚಾರಿಸಬೇಕಾಗಿದೆ.

ಬೇಡಿಕೆಗೆ ಆಧಾರವಿಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿ 10 ಲಕ್ಷವೆಂದು ಅಂದಾಜು ಮಾಡಿದೆ. ಈ ರೋಗವುಳ್ಳವರ ಧಮನಿಗಳಲ್ಲಿ ಕೊಬ್ಬು ಬೇಗನೆ ಸಂಚಯವಾಗಿ ರಕ್ತದ ದಾರಿ ಕಿರಿದಾಗುತ್ತದೆ. ಅದರ ಮೇಲೆ, ಬಹುಕಾಲದ ರೋಗದಿಂದ ನರಗಳು ಮಂದವಾದವರಿಗೆ ಎದೆನೋವೆಂಬ ಮುನ್ಸೂಚನೆಯೂ ದೊರೆಯದೆ ಹೋಗಬಹುದು. ಎದೆ ನೋಯಲಿಲ್ಲವೆಂದು ಮಧುಮೇಹಿಯು ನಿಶ್ಚಿಂತನಾಗಿರುವಂತಿಲ್ಲ.

ಹಾಗಾದರೆ ಯಂತ್ರಶೋಧನೆಯಿಂದ ಪ್ರಾಣ ಉಳಿಯುವುದೇ? ಅಮೆರಿಕ, ಕೆನಡಾಗಳಲ್ಲಿ ಹೃದ್ರೋಗದ ಯಾವ ಲಕ್ಷಣವೂ ಇಲ್ಲದ 1123 ಮಂದಿ ಮಧುಮೇಹಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನವರ ಹೃದಯದ ರಕ್ತಸಂಚಾರವನ್ನು ವಿಕಿರಣ ದ್ರವ್ಯದ ಸಹಾಯದಿಂದ ಚಿತ್ರಿಸಿ ನೋಡಿದರು. ಸುಮಾರು 5 ವರ್ಷ ಕಾದು 2009ರಲ್ಲಿ ಪ್ರಕಟಿಸಿದ ಫಲವೇನು? ಶೋಧನೆಗೊಳಗಾದವರಲ್ಲಿ 15 ಮಂದಿಗೆ, ಒಳಗಾಗದವರಲ್ಲಿ 17 ಮಂದಿಗೆ ಹೃದಯಾಘಾತ ಇಲ್ಲವೆ ಹೃದ್ರೋಗದಿಂದ ಮರಣ! ಅಮೆರಿಕದ ಯೂಟಾ ಸಂಸ್ಥಾನದಲ್ಲಿ 900 ಮಂದಿಯನ್ನು ಕುರಿತು ನಡೆದು 2014ರಲ್ಲಿ ಹೊರಬಿದ್ದ ಸಿ.ಟಿ. ಯಂತ್ರದ ಪರೀಕ್ಷೆಯೂ ಗಣನೀಯವಾದ ಭೇದವನ್ನು ತೋರಿಸಲಿಲ್ಲ. ಕಾರಣವು ಗೂಢವಾದುದಲ್ಲ. ನಾಳವು ಕಿರಿದಾಗಿದೆಯೆಂದು ತಿಳಿದ ಮೇಲೆ ವೈದ್ಯರು ಬರೆದುಕೊಡುವ ಮುಖ್ಯ ಔಷಧಗಳು, ತಿಳಿಯದಿದ್ದಾಗ್ಯೂ ಆ ರೋಗಿಗೆ ಸಲ್ಲತಕ್ಕವುಗಳೇ ಆಗಿವೆ.

ಆ ಔಷಧಗಳ ಗುಣವಾದರೋ ಪರೀಕ್ಷಿತವಾದುದು. 2004ರಲ್ಲಿ ಪ್ರಕಟವಾದ, ಬ್ರಿಟನ್ ಐರ್ಲೆಂಡುಗಳ 2838 ಮಧುಮೇಹಿಗಳ ಪರೀಕ್ಷೆಯಲ್ಲಿ, ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಗುಳಿಗೆಯಿಂದ ಹೃದಯ ಹಾಗೂ ರಕ್ತನಾಳಗಳ ದೊಡ್ಡ ಅನಾಹುತಗಳು ಶೇಕಡಾ 37ರಷ್ಟು ತಗ್ಗಿದುವು. ಪ್ರಯೋಜನವು ಅಷ್ಟು ಸ್ಪಷ್ಟವಾಗಿದ್ದುದರಿಂದ ಆ ಪರೀಕ್ಷೆಯನ್ನು ಅವಧಿಗೆ ಸುಮಾರು 2 ವರ್ಷ ಮುಂಚೆಯೇ ನಿಲ್ಲಿಸಿಬಿಟ್ಟರು. ರಕ್ತದೊತ್ತಡದ ಹತೋಟಿ, ಧೂಮಪಾನತ್ಯಾಗಗಳ ಮಹತ್ವವನ್ನು ಬೇರೆ ಹೇಳಬೇಕಾದುದಿಲ್ಲ.

ನಡೆದಾಗ ಏದುಸಿರು, ಎದೆ ಬಿಗಿತ, ಕಾರಣವಿಲ್ಲದ ಬಳಲಿಕೆ ಉಂಟಾದವರ ಮಾತು ಬೇರೆ. ಅವರು ತಡಮಾಡದೆ ಪರೀಕ್ಷೆಗೆ ಹೋಗಲೇಬೇಕು. ಉಳಿದವರಿಗೆ ಬೇಕಾದ ಶೋಧನೆಯು ಅಲ್ಪವೆಚ್ಚದ್ದು: ರಕ್ತದೊತ್ತಡ, ರಕ್ತದ ಕೊಬ್ಬು, ಮೂತ್ರದಲ್ಲಿ ಆಲ್ಬುಮಿನ್. ಇವುಗಳೊಡನೆ ಕಾಲು. ವರ್ಷಕ್ಕೊಮ್ಮೆಯಾದರೂ ರೋಗಿಯ ಪಾದರಕ್ಷೆ ತೆಗೆಸಿ, ಪಾದದ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ನಮ್ಮಲ್ಲಿ ರೋಗಿಗೆ ಪಾದ ಚಾಚಲು ಸಂಕೋಚ, ವೈದ್ಯರಿಗೆ ಪುರಸತ್ತಿಲ್ಲ! ನಾಡಿ ಕ್ಷೀಣವೆಂದು ತೋರಿದರೆ ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಬೇಕು, ಪ್ರಮಾಣವು 0.9ಕ್ಕಿಂತ ಕಡಮೆಯಾದರೆ ಕಾಲಿನ ಧಮನಿ ಕಿರಿದಾಗಿದೆಯೆಂದರ್ಥ. ಧಮನಿ ಗಡುಸಾದ ಮಧುಮೇಹಿಗಳಲ್ಲಿ ಈ ಲೆಕ್ಕವು ಕೆಲವೊಮ್ಮೆ ಮೋಸಮಾಡುವುದುಂಟು, ಆದಾಗ್ಯೂ ಉಪಯುಕ್ತವಾದುದು. ಕಾಲಿನ ಧಮನಿ ಕೆಟ್ಟವನಿಗೆ ಹೃದಯಾಘಾತದ ಭಯವೂ ಹೆಚ್ಚು.

30 ವರ್ಷ ಮೀರಿದವರೆಲ್ಲರ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುವ ಕಾರ್ಯವನ್ನು ಸರಕಾರದವರು ಕೈಕೊಂಡಿದ್ದಾರೆ. 2025ರೊಳಗಾಗಿ ರಕ್ತದೊತ್ತಡ, ಮಧುಮೇಹಗಳುಳ್ಳ 7 ಕೋಟಿ 50 ಲಕ್ಷ ಜನರನ್ನು ಕ್ರಮಬದ್ಧ ಚಿಕಿತ್ಸೆಗೆ ಒಳಪಡಿಸುವೆವೆಂದು ಕೇಂದ್ರ ಸರಕಾರವು 2023ರ ಮೇ ತಿಂಗಳಲ್ಲಿ ಸಾರಿತ್ತು. ಸಂಕಲ್ಪವು ಸ್ತುತ್ಯವಾದುದೇ. ಆದರೆ ಪರೀಕ್ಷಿತರ ಸಂಖ್ಯೆಯನ್ನು ಹೇಳಿದ ಮಾತ್ರಕ್ಕೆ ಲೆಕ್ಕವು ಮುಗಿಯುವುದಿಲ್ಲ. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಎಷ್ಟು ಮಂದಿ ಮಧುಮೇಹಿಗಳಿಗೆ ತಿಂಗಳು ತಪ್ಪದೆ ಗುಳಿಗೆ ದೊರೆತಿತು, ಎಷ್ಟು ಮಂದಿಯ ರಕ್ತದೊತ್ತಡವು ಹತೋಟಿಗೆ ಬಂದಿತು, ಎಷ್ಟು ಮಂದಿಯ ಪಾದವನ್ನು ಮುಟ್ಟಿ ನೋಡಲಾಯಿತು? ಈ ಅಂಕಿಗಳನ್ನು ಜಿಲ್ಲಾಧಿಕಾರಿಗಳು ಪ್ರತಿವರ್ಷವೂ ತಾಲ್ಲೂಕುವಾರು ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ.