ಸೂರ್ಯನ ಮೇಲೇಕೆ ಅಪವಾದ?

ಏಪ್ರಿಲ್ ಬಂತೆಂದರೆ ಚನ್ನಗಿರಿ ಸೀಮೆಯ ಅಡಿಕೆ ತೋಟಗಳಲ್ಲಿ ಕೇಳಿಬರುವ ಮಾತು ಒಂದೇ: ‘ಈ ವರ್ಷ ಸೂರ್ಯ ಯಾಕೋ ಹೆಚ್ಚೇ ಸುಡುತ್ತಿದ್ದಾನೆ.’ 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅದರ ಬೆನ್ನಿಗೇ ಬಂದ 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಳ್ಳಲು ಹೆಣಗಿದ ಬೆಳೆಗಾರರು ಹೀಗೆ ನೊಂದು ನುಡಿದಿದ್ದರೆ ಅಚ್ಚರಿಯಿಲ್ಲ. ಅವರ ಸಂಕಟ ನಿಜ. ಆದರೆ ಅದರ ಹೊಣೆಯನ್ನು ಸೂರ್ಯನಿಗೆ ಹೊರಿಸುವುದು ಸರಿಯೇ ಎಂಬುದು ನನ್ನ ಪ್ರಶ್ನೆ. ಹೊಣೆ ಯಾರದೆಂದು ತಿಳಿಯದೆ ಪರಿಹಾರವೂ ದೊರಕದು.

ಬೇಸಿಗೆಯಲ್ಲಿ ಸೂರ್ಯ ನಮಗೆ ಹತ್ತಿರ ಬರುತ್ತಾನೆಂದು ವಿದ್ಯಾವಂತರಲ್ಲೂ ಅನೇಕರು ನಂಬಿದ್ದಾರೆ. ವಸ್ತುಸ್ಥಿತಿ ಬೇರೆ. ಸೂರ್ಯನಿಂದ ಭೂಮಿಗೆ ಸರಾಸರಿ 14.96 ಕೋಟಿ ಕಿ.ಮೀ. ದೂರ, ಬೆಳಕಿಗೂ ಇದು ಎಂಟು ನಿಮಿಷ ಮೀರಿದ ಪಯಣ. ಭೂಮಿ ಸೂರ್ಯನಿಗೆ ಅತಿ ಸಮೀಪ, ಅಂದರೆ 14.71 ಕೋಟಿ ಕಿ.ಮೀ. ದೂರದಲ್ಲಿರುವುದು ನಾವು ಕಂಬಳಿ ಹೊದೆಯುವ ಜನವರಿಯ ಮೊದಲ ವಾರದಲ್ಲಿ. 15.21 ಕೋಟಿ ಕಿ.ಮೀ.ಗಳಷ್ಟು ದೂರ ಸರಿಯುವುದು ಜುಲೈ ಆರಂಭದಲ್ಲಿ. ಋತುಗಳನ್ನು ಆಳುವುದು ಈ ಅಂತರವಲ್ಲ, 23.4 ಡಿಗ್ರಿಯಷ್ಟು ವಾಲಿರುವ ಭೂಮಿಯ ಅಕ್ಷ.

ಚನ್ನಗಿರಿ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ, ಸೂರ್ಯ ಅಲ್ಲಿ ನಡುನೆತ್ತಿಗೆ ಬರುತ್ತಾನೆ. ಮಧ್ಯಾಹ್ನ 12.30ರ ಆಸುಪಾಸಿನಲ್ಲಿ ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಎರಡೂ ದಿನ ಸೂರ್ಯನ ಎತ್ತರ ಒಂದೇ, ಅವನು ಕಳಿಸುವ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಆದರೂ ಏಪ್ರಿಲ್ ಬೇಯಿಸುತ್ತದೆ, ಆಗಸ್ಟ್ ತಂಪಾಗಿರುತ್ತದೆ. ಕಾರಣ ಸ್ಪಷ್ಟ: ಆಗಸ್ಟಿನಲ್ಲಿ ಮೋಡಗಳು ಬೆಳಕಿನ ದೊಡ್ಡ ಪಾಲನ್ನು ಮೇಲಿಂದಲೇ ಹಿಂದಿರುಗಿಸುತ್ತವೆ, ಉಳಿದುದರಲ್ಲಿ ಬಹುಭಾಗ ಹಸಿ ಮಣ್ಣಿನ ಮತ್ತು ಎಲೆಗಳ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಒಣ ನೆಲಕ್ಕೆ ಬಿದ್ದ ಬಿಸಿಲಿಗೆ ಆ ಕೆಲಸವಿಲ್ಲ. ಅದು ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ವ್ಯತ್ಯಾಸವಿರುವುದು ಆಕಾಶದ ಸೂರ್ಯನಲ್ಲಲ್ಲ, ಇತ್ತ ನಮ್ಮ ಕಡೆ.

ನಮ್ಮ ರೈತರು ಸೂರ್ಯನ ಲೆಕ್ಕ ಅರಿಯದವರೇನಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ಅವರು ಎಣಿಸುವ ಮಳೆಗಳೆಲ್ಲ ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಹೆಸರುಗಳೇ. ಚನ್ನಗಿರಿಯಲ್ಲಿ ಸೂರ್ಯ ನೆತ್ತಿಗೇರುವ ಹೊತ್ತಿಗೇ ಭರಣಿ ಆರಂಭವಾಗುತ್ತದೆ. ಭರಣಿ ಮಳೆ ಸುರಿದರೆ ಧರಣಿ ಬದುಕೀತು ಎಂಬ ಗಾದೆಯ ಬೆಲೆ ಆ ಬಿಸಿಲನ್ನು ಕಂಡವರಿಗೇ ಗೊತ್ತು. ಚಳಿಗಾಲದ ಇಳಿಹೊತ್ತಿನಲ್ಲಿ ನೈರುತ್ಯದಿಂದ ಓರೆಯಾಗಿ ಬೀಳುವ ಬಿಸಿಲು ಎಳೆ ಅಡಿಕೆ ಮರದ ಕಾಂಡವನ್ನು ಸೀಳುತ್ತದೆಂದು ಅರಿತು ಸುಣ್ಣ ಬಳಿಯುವವರು, ಗರಿ ಕಟ್ಟುವವರು ಇವರೇ. ಸೂರ್ಯ ಇಂದಿಗೂ ಆ ಲೆಕ್ಕ ತಪ್ಪಿಲ್ಲ. ಭರಣಿಯ ದಿನಗಳು ಬರುತ್ತವೆ. ಮಳೆ ಬರುವ ಖಾತರಿಯಿಲ್ಲ.

ಹಾಗಾದರೆ ಸೂರ್ಯನ ತಾಪವೇ ಏರುತ್ತಿರಬಹುದಲ್ಲ ಎಂಬ ಆಕ್ಷೇಪ ಉಳಿಯುತ್ತದೆ. 1978ರಿಂದೀಚೆಗೆ ಉಪಗ್ರಹಗಳು ಅದನ್ನು ನೇರವಾಗಿ ಅಳೆಯುತ್ತ ಬಂದಿವೆ. ಸುಮಾರು 11 ವರ್ಷಗಳ ಸೌರಚಕ್ರದಲ್ಲಿ ಸೂರ್ಯನ ಶಕ್ತಿ ಏರಿಳಿಯುವುದು ಶೇ 0.1ರಷ್ಟು ಮಾತ್ರ, ಭೂಮಿ ಬಿಸಿಯಾಗುತ್ತಿರುವುದಕ್ಕೆ ಹೊಂದುವಂತಹ ಏರಿಕೆ ಅದರಲ್ಲಿ ಕಂಡಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಆದರೆ ಕೆಳಪದರ ಬಿಸಿಯಾಗುತ್ತಿದ್ದರೆ, ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ. ಬಂದ ಶಾಖ ಮರಳಿ ಹೋಗದಂತೆ ತಡೆಯುತ್ತಿರುವುದು ಈ ಹೊದಿಕೆ. ದಾಖಲೆಗಳಿರುವ ಅವಧಿಯಲ್ಲೇ ಅತಿ ಬಿಸಿಯ ವರ್ಷ 2024 ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ.

ಈ ಹೊದಿಕೆಯನ್ನು ನೇಯ್ದದ್ದು ಚನ್ನಗಿರಿಯ ರೈತನಲ್ಲ, ನಿಜ. ಅದರ ದೊಡ್ಡ ಹೊಣೆ ಕಲ್ಲಿದ್ದಲು, ತೈಲ ಉರಿಸಿ ಸಿರಿವಂತವಾದ ದೇಶಗಳದು, ನಮ್ಮಂಥ ನಗರವಾಸಿಗಳದು. ಆದರೆ ಒಣನೆಲದ ಹೊಣೆ ಸ್ಥಳೀಯ. ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಷ್ಟೇ ಅಲ್ಲ, ಅದರಾಚೆಯ ಬೆದ್ದಲು ಭೂಮಿಯಲ್ಲೂ ಬೇಸಿಗೆಯಿಡೀ ನೀರು ಬೇಡುವ ಅಡಿಕೆ ಕೊಳವೆಬಾವಿಗಳ ಭರವಸೆಯ ಮೇಲೆ ಹಬ್ಬಿದೆ. ಶತಮಾನಗಳ ಹಿಂದೆ ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಸೂಳೆಕೆರೆಯಂತಹ ಜಲನಿಧಿಯೂ ಹೂಳು, ಒತ್ತುವರಿಗಳಿಂದ ನಲುಗಿದೆ.

ಸೂರ್ಯನನ್ನು ದೂರುವುದರಲ್ಲಿ ಒಂದು ಅನುಕೂಲವಿದೆ: ಅವನು ಮರುಮಾತಾಡುವುದಿಲ್ಲ, ಅವನ ವಿರುದ್ಧ ಕ್ರಮವನ್ನೂ ಕೈಗೊಳ್ಳಬೇಕಿಲ್ಲ. ಆದ್ದರಿಂದಲೇ ಆ ಮಾತು ಆಡಳಿತಕ್ಕೂ ಹಿತವಾಗಿ ಕೇಳಿಸುತ್ತದೆ. ಕೆರೆಯ ಹೂಳೆತ್ತುವುದು, ಗಡಿ ಗುರುತಿಸುವುದು, ಅಂತರ್ಜಲ ನೋಡಿ ಬೆಳೆ ನಿರ್ಧರಿಸುವುದು, ನೆಲಕ್ಕೆ ಹೊದಿಕೆ ಹಾಕಿ ತೇವ ಕಾಯುವುದು, ಇವೆಲ್ಲ ಮನುಷ್ಯರ ಕೆಲಸಗಳು. ಮುಂದಿನ ಭರಣಿಯ ಹೊತ್ತಿಗೂ ಸೂರ್ಯ ಎಂದಿನಂತೆ ನೆತ್ತಿಗೆ ಬರುತ್ತಾನೆ. ಅಷ್ಟರಲ್ಲಿ ಇವುಗಳಲ್ಲಿ ಎಷ್ಟು ಕೆಲಸ ನಡೆದಿದೆ ಎಂದು ನಾವು ಕೇಳಬೇಕಾದದ್ದು ಅವನನ್ನಲ್ಲ.