ಹಿಂಡಿದ ರಸವೋ, ಅರೆದ ಹಣ್ಣೋ?

ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರಿನಂತಹ ಊರಿನಲ್ಲಿ ತಂಪು ಪಾನೀಯದ ಅಂಗಡಿಗಳು ಹೆಚ್ಚುವುದು ಸಹಜವೇ ಆಗಿದೆ. ದೇವದುರ್ಗ, ಮಾನ್ವಿಗಳಲ್ಲಿಯೂ ಕಬ್ಬಿನ ಹಾಲಿಗೆ, ಮೋಸಂಬಿಯ ರಸಕ್ಕೆ ಬೇಡಿಕೆಯುಂಟು. ಈಚೆಗೆ ಇವುಗಳ ಜೊತೆಗೆ 'ಸ್ಮೂದಿ' ಎಂಬ ಹೊಸ ಹೆಸರೂ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುತ್ತಿದೆ. ಹಣ್ಣನ್ನು ಹಾಲು, ಮೊಸರು ಅಥವಾ ನೀರಿನೊಡನೆ ಇಡಿಯಾಗಿ ಅರೆದು ಮಾಡಿದ ಗಟ್ಟಿಯಾದ ಪಾನೀಯವೇ ಅದು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಎದ್ದಾಗ ಎರಡು ಪಕ್ಷದವರೂ ಜೀವಸತ್ತ್ವಗಳ ಪಟ್ಟಿಯನ್ನು ಮುಂದಿಡುತ್ತಾರೆ. ಆದರೆ ಪ್ರಶ್ನೆಯ ತಿರುಳು ಇರುವುದು ಬೇರೆ ಎರಡು ಸಂಗತಿಗಳಲ್ಲಿ ಎಂದು ನಮ್ಮ ಅಭಿಪ್ರಾಯ: ಏನನ್ನು ಎಸೆಯುತ್ತೇವೆ? ಎಷ್ಟು ಬೇಗ ಕುಡಿದು ಮುಗಿಸುತ್ತೇವೆ?

ಮೊದಲು ಯಂತ್ರಗಳ ಕಡೆಗೆ ನೋಡೋಣ. ರಸ ತೆಗೆಯುವ ಒಂದು ಬಗೆಯ ಯಂತ್ರದಲ್ಲಿ ಹಣ್ಣಿನ ತುರಿಯು ವೇಗವಾಗಿ ತಿರುಗುವ ಜಾಲರಿ ಬುಟ್ಟಿಯೊಳಗೆ ಬೀಳುತ್ತದೆ. ಬುಟ್ಟಿಯ ತ್ರಿಜ್ಯ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 10,000 ಸುತ್ತು ಎಂದಿಟ್ಟುಕೊಳ್ಳಿ. ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿ ನೋಡಿದರೆ, ಬುಟ್ಟಿಯ ಅಂಚಿನಲ್ಲಿ ವೇಗೋತ್ಕರ್ಷವು ಭೂಮಿಯ ಗುರುತ್ವಕ್ಕಿಂತ ಸುಮಾರು 6,700 ಪಟ್ಟು ಆಗುವುದು. ಇಂತಹ ಸೆಳೆತಕ್ಕೆ ಸಿಕ್ಕಿದ ದ್ರವವು ಜಾಲರಿಯ ರಂಧ್ರಗಳಿಂದ ಹೊರಕ್ಕೆ ಚಿಮ್ಮುತ್ತದೆ, ನಾರು ಒಳಗೇ ಉಳಿಯುತ್ತದೆ. ಕಬ್ಬಿನ ಗಾಣದಲ್ಲಿ ಉರುಳೆಗಳ ಒತ್ತಡವು ಇದೇ ಕೆಲಸವನ್ನು ಮಾಡುತ್ತದೆ. ಅರೆಯುವ ಯಂತ್ರದಲ್ಲಾದರೋ ಅಲಗುಗಳು ಹಣ್ಣಿನ ಜೀವಕೋಶಗಳನ್ನು ಕತ್ತರಿಸುತ್ತವೆಯೇ ಹೊರತು ಯಾವುದನ್ನೂ ಬೇರ್ಪಡಿಸುವುದಿಲ್ಲ. ಒಳಗೆ ಹಾಕಿದುದೆಲ್ಲವೂ ಲೋಟಕ್ಕೆ ಬರುತ್ತದೆ.

ಹಾಗಾದರೆ ಎಸೆದ ಹಿಪ್ಪೆಯಲ್ಲಿ ಇದ್ದುದೇನು? ನೂರು ಗ್ರಾಂ ಕಿತ್ತಳೆಯ ತೊಳೆಗಳಲ್ಲಿ ಸುಮಾರು 2 ಗ್ರಾಂಗಿಂತ ಹೆಚ್ಚು ನಾರಿದ್ದರೆ, ಅಷ್ಟೇ ತೂಕದ ಸೋಸಿದ ರಸದಲ್ಲಿ ಅದು ಕಾಲು ಗ್ರಾಂ ಕೂಡ ಇರುವುದಿಲ್ಲ. ಸಕ್ಕರೆಯೋ ಹೆಚ್ಚು ಕಡಿಮೆ ಎರಡರಲ್ಲಿಯೂ ಒಂದೇ. ಪೆಕ್ಟಿನ್‌ನಂತಹ ಕರಗುವ ನಾರು ದ್ರವದ ಸ್ನಿಗ್ಧತೆಯನ್ನು ಹೆಚ್ಚಿಸಿ, ಸಕ್ಕರೆಯು ರಕ್ತವನ್ನು ಸೇರುವ ವೇಗವನ್ನು ತಗ್ಗಿಸುತ್ತದೆ. ಸೆಲ್ಯುಲೋಸಿನಂತಹ ಕರಗದ ನಾರು ಮಲಬದ್ಧತೆಯನ್ನು ತಡೆಯುತ್ತದೆ. ಹಣ್ಣಿನಿಂದ ನಾರನ್ನು ತೆಗೆಯುವುದೆಂದರೆ ಓಟದ ಬಂಡಿಯಿಂದ ತಡೆಯನ್ನು ಕಿತ್ತುಹಾಕಿದಂತೆಯೇ ಸರಿ.

ಇದು ಬರಿಯ ಊಹೆಯಲ್ಲ. 1977ರಲ್ಲಿ ಇಂಗ್ಲೆಂಡಿನ ಸಂಶೋಧಕರು ಹತ್ತು ಮಂದಿ ಆರೋಗ್ಯವಂತರಿಗೆ ಸೇಬನ್ನು ಮೂರು ರೂಪಗಳಲ್ಲಿ ಕೊಟ್ಟರು: ಇಡಿಯ ಹಣ್ಣು, ಅರೆದ ಹಣ್ಣು ಮತ್ತು ನಾರಿಲ್ಲದ ರಸ. ಶರ್ಕರದ ಪ್ರಮಾಣವು ಮೂರರಲ್ಲಿಯೂ 60 ಗ್ರಾಂ. ರಸವನ್ನು ಇಡಿಯ ಹಣ್ಣಿಗಿಂತ ಹನ್ನೊಂದು ಪಟ್ಟು, ಅರೆದ ಹಣ್ಣಿಗಿಂತ ನಾಲ್ಕು ಪಟ್ಟು ಬೇಗನೆ ಸೇವಿಸಬಹುದಾಗಿತ್ತು. ಹೊಟ್ಟೆ ತುಂಬಿದ ತೃಪ್ತಿಯು ಇಡಿಯ ಹಣ್ಣಿನಿಂದ ಅತಿ ಹೆಚ್ಚು, ರಸದಿಂದ ಅತಿ ಕಡಿಮೆ. ಅರೆದ ಹಣ್ಣಿನ ಸ್ಥಾನ ಇವೆರಡರ ನಡುವೆ. ರಸ ಕುಡಿದ ಬಳಿಕ ರಕ್ತದ ಸಕ್ಕರೆಯು ಏರಿ, ಅನಂತರ ಥಟ್ಟನೆ ಇಳಿಯಿತು. ಇಡಿಯ ಹಣ್ಣು ತಿಂದಾಗ ಅಂತಹ ಇಳಿತವು ಕಾಣಲಿಲ್ಲ.

ಆದರೆ ಅರೆಯುವಿಕೆಯು ಎಲ್ಲ ಹಣ್ಣುಗಳಲ್ಲಿಯೂ ಒಂದೇ ಪರಿಣಾಮವನ್ನು ತರುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಸೇಬನ್ನು ಬೀಜವುಳ್ಳ ಬ್ಲ್ಯಾಕ್‌ಬೆರಿಯೊಡನೆ ಅರೆದು ಕುಡಿದಾಗ ರಕ್ತದ ಸಕ್ಕರೆಯು ಇಡಿಯ ಹಣ್ಣು ತಿಂದಾಗಿನದಕ್ಕಿಂತ ಕಡಿಮೆ ಏರಿತು. ಗಜ್ಜರಿಯ ಕೋಶಗಳು ಒಡೆದಷ್ಟೂ ಅದರ ಕ್ಯಾರೊಟೀನು ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಆದುದರಿಂದ ಸ್ಮೂದಿಯನ್ನು ಅಲ್ಲಗಳೆಯಲು ನಮಗೆ ಮನಸ್ಸಿಲ್ಲ. ಬಾಳೆಹಣ್ಣನ್ನು ಕಿವುಚಿ, ಹಾಲು ಬೆರೆಸಿ ಶೀಕರಣೆ ಮಾಡುವ ನಮ್ಮ ಮನೆಗಳಿಗೆ ಇದು ಹೊಸದೂ ಅಲ್ಲ. ಆದರೆ ಅದರ ಮೇಲೆ ಸಕ್ಕರೆ, ಜೇನು, ಐಸ್‌ಕ್ರೀಮುಗಳನ್ನು ಸುರಿದರೆ ನಾರು ಉಳಿಸಿದ ಪುಣ್ಯವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುವುದು.

ಈ ವಿಚಾರದಲ್ಲಿ ಇಷ್ಟು ಕಾಳಜಿ ಏಕೆ ಎಂದು ವಾಚಕರು ಕೇಳಬಹುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಹಣ್ಣಿನ ರಸದೊಳಗಿನ ಸಕ್ಕರೆಯನ್ನೂ ಮಿತಿಗೊಳಿಸಬೇಕಾದ ಸಕ್ಕರೆಗಳ ಗುಂಪಿಗೆ ಸೇರಿಸಿದೆ. ಇಡಿಯ ಹಣ್ಣಿನೊಳಗಿನದನ್ನು ಸೇರಿಸಿಲ್ಲ. 2,000 ಕಿಲೋಕ್ಯಾಲರಿಯ ಆಹಾರಕ್ಕೆ ಆ ಮಿತಿಯು ದಿನಕ್ಕೆ 50 ಗ್ರಾಂ. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳಿತು. ಕಬ್ಬಿನ ಹಾಲಿನಲ್ಲಿ ನೂರು ಮಿಲಿಲೀಟರಿಗೆ 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಒಂದೇ ಲೋಟಕ್ಕೆ ಲೆಕ್ಕ ಹಾಕಿ ನೋಡಿ! ಅದೇ ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿದು ಅಗಿಯುವವನು ಅಷ್ಟು ಸಕ್ಕರೆಯನ್ನು ಪಡೆಯುವುದರೊಳಗೆ ದವಡೆ ಸೋತಿರುತ್ತದೆ. ದವಡೆಯ ಆ ಸೋಲೇ ಪ್ರಕೃತಿಯು ಇಟ್ಟ ಮಿತಿ.

ಇನ್ನೊಂದು ಮಾತು ಜೇಬಿಗೆ ಸಂಬಂಧಿಸಿದುದು. ಒಂದು ಲೋಟ ರಸಕ್ಕೆ ಮೂರು ನಾಲ್ಕು ಮೋಸಂಬಿಗಳು ಬೇಕು. ಅವನ್ನೇ ಸುಲಿದು ತೊಳೆ ಬಿಡಿಸಿದರೆ ಮನೆಯ ಮೂವರು ನಾಲ್ವರಿಗೆ ಆಗುತ್ತದೆ. ಸಂಪಾದನೆ ಸ್ವಲ್ಪವಾಗಿರುವ ಕುಟುಂಬದಲ್ಲಿ ಇದೇನು ಸಣ್ಣ ಲೆಕ್ಕವಲ್ಲ.

ಹಲ್ಲಿಲ್ಲದ ವೃದ್ಧರಿಗೂ, ಅಗಿಯಲಾರದ ರೋಗಿಗಳಿಗೂ ರಸವು ಉಪಕಾರಿಯೆಂಬುದನ್ನು ಒಪ್ಪುತ್ತೇವೆ. ಬಿಸಿಲಿನಲ್ಲಿ ದಣಿದು ಬಂದವರಿಗೆ ಪಾನೀಯ ಬೇಡವೇ ಎಂದರೆ, ಖಂಡಿತವಾಗಿಯೂ ಬೇಕು. ಆದರೆ ಬೆವರಿನಲ್ಲಿ ನಾವು ಕಳೆದುಕೊಳ್ಳುವುದು ನೀರನ್ನು ಮತ್ತು ಉಪ್ಪನ್ನು, ಸಕ್ಕರೆಯನ್ನಲ್ಲ. ಅದಕ್ಕೆ ನೀರೂ ಉಪ್ಪು ಬೆರೆಸಿದ ಮಜ್ಜಿಗೆಯೂ ಸಾಕು.

ವಿದ್ಯಾರ್ಥಿಗಳು ನಮ್ಮ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಒಂದೇ ತೂಕದ, ಸಿಪ್ಪೆ ಸುಲಿದು ಬೀಜ ತೆಗೆದ ಮೋಸಂಬಿಯ ಮೂರು ಪಾಲುಗಳನ್ನು ತೆಗೆದುಕೊಳ್ಳಿ. ಒಂದನ್ನು ಬಟ್ಟೆಯಲ್ಲಿ ಹಿಂಡಿ, ರಸವನ್ನೂ ಹಿಪ್ಪೆಯನ್ನೂ ಬೇರೆ ಬೇರೆ ತೂಗಿರಿ, ಇನ್ನೊಂದನ್ನು ಅರೆಯಿರಿ, ಮೂರನೆಯದನ್ನು ಹಾಗೆಯೇ ಇಡಿ. ಗಡಿಯಾರವನ್ನು ಮುಂದಿಟ್ಟುಕೊಂಡು, ಪ್ರತಿಯೊಂದನ್ನೂ ಸೇವಿಸಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದುಕೊಳ್ಳಿ. ಹಿಪ್ಪೆಯ ತೂಕವೂ ಆ ಮೂರು ಕಾಲಮಾನಗಳೂ ಜಾಹೀರಾತುಗಳಿಗಿಂತ ಸ್ಪಷ್ಟವಾಗಿ ಮಾತನಾಡುವುವು. ನಮ್ಮ ತೀರ್ಮಾನವಂತೂ ಇಷ್ಟೆ: ಹಲ್ಲು ಗಟ್ಟಿಯಿರುವವರಿಗೆ ಹಣ್ಣೇ ಮೊದಲು, ಕುಡಿಯಲೇಬೇಕೆಂದರೆ ಸಕ್ಕರೆ ಬೆರೆಸದೆ ಅರೆದದ್ದು ಅದರ ನಂತರ, ಸೋಸಿದ ರಸವು ಅಪರೂಪಕ್ಕೊಮ್ಮೆ, ಸಣ್ಣ ಲೋಟದಲ್ಲಿ.